ರಕ್ತ ಮರಳಿದಾಗಲೇ ಹಾನಿ: ಅಂಗಾಂಗ ಕಸಿಯ ನಿರ್ಣಾಯಕ ಕ್ಷಣ

ಹಳದೀಪುರ: ಮಳೆಗಾಲದ ರಾತ್ರಿ ವಿದ್ಯುತ್ ಕಡಿತಗೊಳ್ಳುವುದು ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನರಿಗೆ ಹೊಸದಲ್ಲ. ವಿದ್ಯುತ್ ಹೋದಾಗ ಮನೆಯ ಉಪಕರಣಗಳಿಗೆ ಏನೂ ಆಗುವುದಿಲ್ಲ. ಅದು ಒಮ್ಮೆಲೇ ಏರಿದ ವೋಲ್ಟೇಜಿನೊಂದಿಗೆ ಮರಳಿ ಬಂದಾಗ ಬಲ್ಬು ಸುಡುತ್ತದೆ, ಟಿ.ವಿ. ಕೆಡುತ್ತದೆ. ಅಂಗಾಂಗ ಕಸಿ ಶಸ್ತ್ರಚಿಕಿತ್ಸೆಯಲ್ಲಿಯೂ ಇದಕ್ಕೆ ಹೋಲುವ ಘಟನೆಯೊಂದು ನಡೆಯುತ್ತದೆ. ದಾನಿಯ ದೇಹದಿಂದ ಬೇರ್ಪಡಿಸಿದ ಮೂತ್ರಪಿಂಡವೋ ಯಕೃತ್ತೋ ರಕ್ತವಿಲ್ಲದೆ ಹಲವು ಗಂಟೆ ಕಳೆಯುತ್ತದೆ. ನಂತರ ಅದನ್ನು ರೋಗಿಯ ರಕ್ತನಾಳಗಳಿಗೆ ಜೋಡಿಸಿ ರಕ್ತವನ್ನು ಹರಿಯಬಿಟ್ಟಾಗ, ಜೀವ ನೀಡಬೇಕಾದ ಅದೇ ರಕ್ತ ಅಂಗದ ಕೋಶಗಳನ್ನು ಗಾಯಗೊಳಿಸುತ್ತದೆ. ಇದನ್ನು ವೈದ್ಯವಿಜ್ಞಾನ ‘ಇಸ್ಕೀಮಿಯಾ-ರಿಪರ್ಫ್ಯೂಷನ್ ಇಂಜುರಿ’ ಎಂದು ಕರೆಯುತ್ತದೆ. ಕನ್ನಡದಲ್ಲಿ ಇದನ್ನು ರಕ್ತ ಮರುಪೂರೈಕೆಯ ಹಾನಿ ಎನ್ನಬಹುದು.

ಈ ವಿಷಯ ಶಸ್ತ್ರಚಿಕಿತ್ಸಾ ಕೊಠಡಿಗಷ್ಟೇ ಸೀಮಿತವಲ್ಲ. ಕಸಿಗೊಳಗಾದ ರೋಗಿ ಎಷ್ಟು ಬೇಗ ಚೇತರಿಸಿಕೊಳ್ಳುತ್ತಾನೆ, ಹೊಸ ಅಂಗ ಎಷ್ಟು ವರ್ಷ ಬಾಳುತ್ತದೆ, ದಾನವಾದ ಹೃದಯ ಯಾವ ಊರಿನವರೆಗೆ ಪಯಣಿಸಬಲ್ಲದು ಎಂಬ ಪ್ರಶ್ನೆಗಳೆಲ್ಲ ಇದರೊಂದಿಗೆ ಹೆಣೆದುಕೊಂಡಿವೆ. ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಉತ್ತರ ಕನ್ನಡದ ಕರಾವಳಿಗೆ ಈ ಲೆಕ್ಕ ಇನ್ನಷ್ಟು ಮುಖ್ಯವಾದುದು.

ರಕ್ತ ನಿಂತಾಗ ಆಗುವುದೇನು?

ದೇಹದ ಬಹುತೇಕ ಕೋಶಗಳು ಆಮ್ಲಜನಕವನ್ನು ಬಳಸಿ ‘ಎಟಿಪಿ’ ಎಂಬ ರಾಸಾಯನಿಕ ಇಂಧನವನ್ನು ತಯಾರಿಸಿಕೊಳ್ಳುತ್ತವೆ. ಈ ಕಾರ್ಯ ನಡೆಯುವುದು ಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಸೂಕ್ಷ್ಮ ಘಟಕಗಳಲ್ಲಿ. ರಕ್ತಸಂಚಾರ ನಿಂತೊಡನೆ ಆಮ್ಲಜನಕದ ಪೂರೈಕೆ ಕಡಿದುಹೋಗುತ್ತದೆ, ಇಂಧನದ ದಾಸ್ತಾನು ಕರಗತೊಡಗುತ್ತದೆ. ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆದು ಕೋಶ ಕೆಲಕಾಲ ಬದುಕಲು ಯತ್ನಿಸುತ್ತದೆಯಾದರೂ, ಅದರಿಂದ ಲ್ಯಾಕ್ಟಿಕ್ ಆಮ್ಲ ಸಂಗ್ರಹವಾಗಿ ಒಳಭಾಗ ಹುಳಿಯಾಗುತ್ತದೆ.

ಕೋಶದ ಹೊರಪೊರೆಯಲ್ಲಿ ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ಸಾಗಿಸುವ ‘ಪಂಪು’ಗಳಿವೆ. ಇಂಧನವಿಲ್ಲದೆ ಇವು ನಿಂತುಹೋಗುತ್ತವೆ. ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆ ನೀರು ಬರುತ್ತದೆ, ಕೋಶ ಊದಿಕೊಳ್ಳುತ್ತದೆ. ಕ್ಯಾಲ್ಸಿಯಂ ಪ್ರಮಾಣವೂ ಮಿತಿಮೀರುತ್ತದೆ. ಇದೇ ಸ್ಥಿತಿ ಮುಂದುವರಿದರೆ ಕೋಶ ಸಾಯುವುದು ನಿಶ್ಚಿತ. ಆದ್ದರಿಂದ ರಕ್ತವನ್ನು ಮರಳಿ ಹರಿಸುವುದನ್ನು ಬಿಟ್ಟರೆ ಅಂಗವನ್ನು ಉಳಿಸುವ ಬೇರೆ ದಾರಿಯಿಲ್ಲ. ಸಮಸ್ಯೆಯ ಎರಡನೆಯ ಅಧ್ಯಾಯ ಆರಂಭವಾಗುವುದು ಇಲ್ಲಿಂದಲೇ.

ರಕ್ತ ಮರಳಿದ ಮೊದಲ ನಿಮಿಷಗಳು

ರಕ್ತವಿಲ್ಲದ ಅವಧಿಯಲ್ಲಿ ಮೈಟೊಕಾಂಡ್ರಿಯಾದೊಳಗೆ ಸಕ್ಸಿನೇಟ್ ಎಂಬ ವಸ್ತು ಶೇಖರಣೆಗೊಳ್ಳುತ್ತದೆ. ಆಮ್ಲಜನಕ ಮರಳಿದ ಕೂಡಲೇ ಅದು ಅತಿವೇಗವಾಗಿ ದಹಿಸಲ್ಪಡುತ್ತದೆ. ಆಗ ಮೈಟೊಕಾಂಡ್ರಿಯಾದ ಎಲೆಕ್ಟ್ರಾನ್ ಸರಪಳಿಯಲ್ಲಿ ಹರಿವು ಹಿಮ್ಮುಖಗೊಂಡು, ಸೂಪರಾಕ್ಸೈಡ್ ಎಂಬ ಅತ್ಯಂತ ಚುರುಕಾದ ಆಮ್ಲಜನಕದ ರೂಪ ಹೊಮ್ಮುತ್ತದೆ. ಕೇಂಬ್ರಿಜ್‌ನ ಸಂಶೋಧಕರನ್ನೊಳಗೊಂಡ ತಂಡವೊಂದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಕ್ರಮವನ್ನು ವಿವರಿಸಿತು. ಅದಕ್ಕೂ ಮೊದಲು, 1981ರಲ್ಲಿ, ಅಮೆರಿಕದ ಗ್ರೇಂಜರ್, ಮೆಕಾರ್ಡ್ ಮತ್ತು ಸಂಗಡಿಗರು ಬೆಕ್ಕಿನ ಕರುಳಿನ ಮೇಲೆ ನಡೆಸಿದ ಪ್ರಯೋಗಗಳ ಮೂಲಕ, ರಕ್ತ ನಿಂತಾಗಿನ ಗಾಯದಲ್ಲಿ ಸೂಪರಾಕ್ಸೈಡ್‌ನ ಪಾತ್ರವಿದೆ ಎಂದು ತೋರಿಸಿದ್ದರು.

ಈ ಚುರುಕು ಕಣಗಳು ಕೋಶದ ಪೊರೆ, ಪ್ರೋಟೀನು ಹಾಗೂ ಡಿಎನ್ಎಗಳನ್ನು ಹಾನಿಗೊಳಿಸುತ್ತವೆ. ಅದೇ ವೇಳೆಗೆ ಹುಳಿಯಾಗಿದ್ದ ಕೋಶ ಥಟ್ಟನೆ ಸಹಜ ಸ್ಥಿತಿಗೆ ಮರಳುತ್ತದೆ. ವಿಚಿತ್ರವೆಂದರೆ ಆ ಹುಳಿಯೇ ಅಲ್ಲಿಯವರೆಗೆ ಮೈಟೊಕಾಂಡ್ರಿಯಾದ ಒಂದು ರಂಧ್ರವನ್ನು ಮುಚ್ಚಿಟ್ಟಿರುತ್ತದೆ. ಹುಳಿ ಇಳಿದು ಕ್ಯಾಲ್ಸಿಯಂ ಹೆಚ್ಚಿದಾಗ ರಂಧ್ರ ತೆರೆದುಕೊಂಡು ಮೈಟೊಕಾಂಡ್ರಿಯಾ ಒಡೆಯುತ್ತದೆ, ಕೋಶ ಸಾಯುತ್ತದೆ.

ಮೂರನೆಯ ಪೆಟ್ಟು ಬೀಳುವುದು ದೇಹದ ರಕ್ಷಣಾ ವ್ಯವಸ್ಥೆಯಿಂದ. ಗಾಯಗೊಂಡ ಕೋಶಗಳು ಅಪಾಯದ ಸಂಕೇತಗಳನ್ನು ಹೊರಸೂಸುತ್ತವೆ. ರೋಗಿಯ ರಕ್ತದಲ್ಲಿರುವ ಬಿಳಿ ರಕ್ತಕಣಗಳು ಆ ಸಂಕೇತವನ್ನು ಹಿಡಿದು ಹೊಸ ಅಂಗದ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ನಾಳಗಳ ಒಳಪದರ ಊದಿಕೊಂಡು ದಾರಿ ಕಿರಿದಾಗುತ್ತದೆ. ದೊಡ್ಡ ರಕ್ತನಾಳ ತೆರೆದಿದ್ದರೂ ಅಂಗದ ಒಳಮೂಲೆಗಳಿಗೆ ರಕ್ತ ತಲುಪದ ಸ್ಥಿತಿಯೂ ಉಂಟಾಗಬಹುದು. ನಾಲೆಯ ಬಾಗಿಲು ತೆರೆದರೂ ತೋಟದ ಬುಡಗಾಲುವೆಗಳಲ್ಲಿ ಹೂಳು ತುಂಬಿದ್ದರೆ ಮರಕ್ಕೆ ನೀರು ಸಿಗದಂತೆ.

ಈ ಉರಿಯೂತ ಅಲ್ಲಿಗೇ ನಿಲ್ಲುವುದಿಲ್ಲ. ‘ಇಲ್ಲಿ ಪರಕೀಯವಾದುದೇನೋ ಇದೆ’ ಎಂಬ ಸುಳಿವನ್ನು ರೋಗಿಯ ರೋಗನಿರೋಧಕ ವ್ಯವಸ್ಥೆಗೆ ಮೊದಲೇ ಮುಟ್ಟಿಸಿ, ಅಂಗ ತಿರಸ್ಕಾರದ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ವಾಲ್ಟರ್ ಲ್ಯಾಂಡ್ ಅವರ ತಂಡ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂತ್ರಪಿಂಡ ಕಸಿಯ ವೇಳೆ ಸೂಪರಾಕ್ಸೈಡನ್ನು ನಾಶಪಡಿಸುವ ಕಿಣ್ವವನ್ನು ಪಡೆದವರಲ್ಲಿ ತೀವ್ರ ತಿರಸ್ಕಾರದ ಪ್ರಕರಣಗಳು ಕಡಿಮೆಯಾಗಿದ್ದವು. ಮೊದಲ ದಿನದ ಗಾಯಕ್ಕೂ ನಂತರದ ತಿರಸ್ಕಾರಕ್ಕೂ ನಂಟಿದೆ ಎಂಬ ವಾದಕ್ಕೆ ಬಲ ಬಂದುದು ಹೀಗೆ.

ಮಂಜುಗಡ್ಡೆಯ ಪೆಟ್ಟಿಗೆ ಏಕೆ?

ಹಿಡಿದ ಮೀನನ್ನು ಮಂಜುಗಡ್ಡೆಯಲ್ಲಿಟ್ಟರೆ ಕೊಳೆಯುವಿಕೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ ಎಂಬುದು ಕರಾವಳಿಯ ಮೀನುಗಾರರಿಗೆ ತಿಳಿದ ಸಂಗತಿ. ಅಂಗಾಂಗ ಸಂರಕ್ಷಣೆಯ ಮೂಲತತ್ತ್ವವೂ ಅದೇ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶದ ಚಟುವಟಿಕೆ ಸಹಜ ಮಟ್ಟದ ಶೇಕಡ 5ರಿಂದ 10ಕ್ಕೆ ಇಳಿಯುತ್ತದೆ. ಇಂಧನದ ಅಗತ್ಯ ಕಡಿಮೆಯಾಗಿ ಅಂಗ ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಆದರೆ ಮೀನಿನಂತೆ ಅಂಗವನ್ನು ಮಂಜುಗಡ್ಡೆಗೆ ನೇರವಾಗಿ ತಾಗಿಸುವಂತಿಲ್ಲ. ತಾಗಿದ ಭಾಗ ಹೆಪ್ಪುಗಟ್ಟಿ ಕೆಡುತ್ತದೆ. ಸಂರಕ್ಷಕ ದ್ರಾವಣ ತುಂಬಿದ ಚೀಲದಲ್ಲಿ ಅಂಗವನ್ನು ಇರಿಸಿ, ಅದರ ಮೇಲೆ ಮತ್ತೆ ಚೀಲಗಳನ್ನು ಹೊದಿಸಿ, ಬಳಿಕವೇ ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ಇಡಲಾಗುತ್ತದೆ.

ದ್ರಾವಣದ ಇತಿಹಾಸವೂ ಸ್ವಾರಸ್ಯಕರವಾದುದು. 1969ರಲ್ಲಿ ಜೆಫ್ರಿ ಕಾಲಿನ್ಸ್ ಮತ್ತು ಸಂಗಡಿಗರು ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣವೊಂದನ್ನು ರೂಪಿಸಿದರು. ಕೋಶದ ಒಳಗಿನ ಲವಣಗಳ ಪ್ರಮಾಣವನ್ನೇ ಹೊರಗೂ ಇರಿಸಿದರೆ ಒಳಹೊರಗಿನ ಸೆಳೆತ ತಗ್ಗುತ್ತದೆ ಎಂಬುದು ಅದರ ಹಿಂದಿನ ಆಲೋಚನೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸೌತರ್ಡ್ ಅವರ ‘ಯುಡಬ್ಲ್ಯು’ ದ್ರಾವಣ ಬಳಕೆಗೆ ಬಂತು. ಕೋಶ ಊದದಂತೆ ತಡೆಯುವ ಲ್ಯಾಕ್ಟೊಬಯೊನೇಟ್ ಮತ್ತು ರ‍್ಯಾಫಿನೋಸ್, ಚುರುಕು ಆಮ್ಲಜನಕವನ್ನು ಹತ್ತಿಕ್ಕುವ ಗ್ಲುಟಾಥಯೋನ್ ಹಾಗೂ ಅಲೊಪ್ಯುರಿನಾಲ್ ಅದರಲ್ಲಿವೆ. ಯಕೃತ್ತಿನ ಸಂರಕ್ಷಣಾ ಅವಧಿಯನ್ನು ಗಣನೀಯವಾಗಿ ಹೆಚ್ಚಿಸಿ, ಅವಸರದ ಮಧ್ಯರಾತ್ರಿಯ ಶಸ್ತ್ರಚಿಕಿತ್ಸೆಯನ್ನು ಯೋಜಿತ ಶಸ್ತ್ರಚಿಕಿತ್ಸೆಯನ್ನಾಗಿಸಿದ ಕೀರ್ತಿ ಈ ದ್ರಾವಣಕ್ಕೆ ಸಲ್ಲುತ್ತದೆ. ಜರ್ಮನಿಯ ಬ್ರೆಟ್‌ಶ್ನೈಡರ್ ಅವರ ‘ಎಚ್‌ಟಿಕೆ’ ದ್ರಾವಣವೂ ವ್ಯಾಪಕ ಬಳಕೆಯಲ್ಲಿದೆ.

ಯಾವ ಅಂಗಕ್ಕೆ ಎಷ್ಟು ಸಮಯ?

ತಣ್ಣನೆಯ ಸಂರಕ್ಷಣೆಯಲ್ಲಿ ಸಾಮಾನ್ಯವಾಗಿ ಪಾಲಿಸಲಾಗುವ ಮಿತಿಗಳು ಹೀಗಿವೆ:

ಹೃದಯ: ಸುಮಾರು 4 ಗಂಟೆ, ಹೆಚ್ಚೆಂದರೆ 6 ಗಂಟೆ.
ಶ್ವಾಸಕೋಶ: 6ರಿಂದ 8 ಗಂಟೆ.
ಯಕೃತ್ತು: 8ರಿಂದ 12 ಗಂಟೆ.
ಮೂತ್ರಪಿಂಡ: 24 ಗಂಟೆ, ಕೆಲವೊಮ್ಮೆ 36 ಗಂಟೆಯವರೆಗೆ.

ಗಡಿಯಾರ ಆರಂಭವಾಗುವುದು ಅಂಗವನ್ನು ಪೆಟ್ಟಿಗೆಗೆ ಹಾಕಿದಾಗ ಅಲ್ಲ. ದಾನಿಯ ದೇಹದಲ್ಲಿ ಮಹಾಪಧಮನಿಗೆ ಇಕ್ಕಳ ಹಾಕಿ ರಕ್ತಸಂಚಾರವನ್ನು ನಿಲ್ಲಿಸಿದ ಕ್ಷಣದಲ್ಲಿ. ಅದು ನಿಲ್ಲುವುದು ರೋಗಿಯ ದೇಹದಲ್ಲಿ ಇಕ್ಕಳ ಬಿಚ್ಚಿ ರಕ್ತವನ್ನು ಹರಿಸಿದಾಗ. ಅಂಗವನ್ನು ಹೊರತೆಗೆಯುವುದು, ಸಾಗಿಸುವುದು, ಹೊಲಿದು ಜೋಡಿಸುವುದು ಎಲ್ಲವೂ ಈ ಅವಧಿಯೊಳಗೇ ಮುಗಿಯಬೇಕು. ಮಿತಿಯೊಳಗಿದ್ದರೆ ಹಾನಿಯೇ ಇಲ್ಲ ಎಂದೂ ಅರ್ಥವಲ್ಲ. ಕಳೆದ ಪ್ರತಿ ಗಂಟೆಯೂ ಮರುಪೂರೈಕೆಯ ಹಾನಿಗೆ ತನ್ನ ಪಾಲನ್ನು ಸೇರಿಸುತ್ತದೆ.

ಕರಾವಳಿಯ ದೂರ, ಗಡಿಯಾರದ ಓಟ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊನ್ನಾವರ ಮತ್ತು ಕುಮಟಾಗಳ ನಡುವೆ ಇರುವ ಹಳದೀಪುರದಿಂದ ಮಣಿಪಾಲ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಮಂಗಳೂರು ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಹುಬ್ಬಳ್ಳಿ, ಧಾರವಾಡಗಳಿಗೆ ಹೋಗಬೇಕಾದರೆ ಘಟ್ಟ ಹತ್ತಬೇಕು. ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗಿ ತಲೆಗೆ ತೀವ್ರ ಪೆಟ್ಟು ಬಿದ್ದವರನ್ನು ಈ ಊರುಗಳ ಆಸ್ಪತ್ರೆಗಳಿಗೇ ಸಾಗಿಸಬೇಕಾಗುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಪ್ಲಾಜಾದಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟ ನಂತರ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮತ್ತಷ್ಟು ಬಲಗೊಂಡಿತು.

ಮಿದುಳು ನಿಷ್ಕ್ರಿಯಗೊಂಡವರಿಂದ ಅಂಗಾಂಗಗಳನ್ನು ಪಡೆಯುವುದು ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯ. ಆದ್ದರಿಂದ ಈ ಭಾಗದ ಕುಟುಂಬವೊಂದು ದಾನಕ್ಕೆ ಒಪ್ಪಿದರೂ ಅಂಗಗಳ ಪಯಣ ಹೊರಡುವುದು ಮಣಿಪಾಲ, ಮಂಗಳೂರು ಅಥವಾ ಧಾರವಾಡದಂತಹ ಊರಿನಿಂದ. ಮೇಲಿನ ಮಿತಿಗಳನ್ನು ನಕ್ಷೆಯ ಮೇಲಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ದೂರ, ನಡುವೆ ಶಿರಾಡಿ ಘಟ್ಟ. ರಸ್ತೆಯಲ್ಲಿ ಏಳೆಂಟು ಗಂಟೆಯ ಹಾದಿ. ಮೂತ್ರಪಿಂಡ ಈ ಪಯಣವನ್ನು ತಾಳಿಕೊಳ್ಳಬಲ್ಲದು. ಯಕೃತ್ತಿಗೆ ಇದು ಅಂಚಿನ ಲೆಕ್ಕ. ಹೃದಯಕ್ಕೆ ಅಸಾಧ್ಯ. ಬಜ್ಪೆಯಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆ ಸಾಕಾದರೂ, ಹೊರತೆಗೆಯುವ ಅವಧಿ, ಎರಡೂ ತುದಿಗಳ ರಸ್ತೆ ಪ್ರಯಾಣ ಹಾಗೂ ಜೋಡಣೆಯ ಅವಧಿಯನ್ನು ಸೇರಿಸಿದರೆ ನಾಲ್ಕು ಗಂಟೆಗಳು ತುಂಬಿಹೋಗುತ್ತವೆ. ಮಣಿಪಾಲದಿಂದ ಹೊರಟರೆ ಬಜ್ಪೆಯವರೆಗಿನ ದಾರಿಯನ್ನೂ ಸೇರಿಸಬೇಕು.

ಪೊಲೀಸರು ಸಂಚಾರವನ್ನು ತಡೆದು ಆಂಬುಲೆನ್ಸ್‌ಗೆ ದಾರಿ ಮಾಡಿಕೊಡುವ ‘ಗ್ರೀನ್ ಕಾರಿಡಾರ್’ ಅಥವಾ ಹಸಿರು ಪಥದ ಅಗತ್ಯ ಇರುವುದು ಇದಕ್ಕಾಗಿ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದಾನವಾದ ಹೃದಯವನ್ನು ವಿಮಾನದ ಮೂಲಕ ಚೆನ್ನೈಗೆ ಒಯ್ದು ಕಸಿ ಮಾಡಲಾಗಿತ್ತು. ಬೆಳಗಾವಿಯ ಕೆಎಲ್ಇ ಆಸ್ಪತ್ರೆಯಲ್ಲಿ ಹೃದಯ ಕಸಿ ಆರಂಭವಾದ ಮೇಲೆ, ಧಾರವಾಡದಲ್ಲಿ ದಾನವಾದ ಹೃದಯ ಹಸಿರು ಪಥದ ಮೂಲಕ ಅಲ್ಲಿಗೆ ತಲುಪುವುದು ಸಾಧ್ಯವಾಗಿದೆ. 2025ರ ಆಗಸ್ಟ್ 1ರಂದು ಬೆಂಗಳೂರಿನಲ್ಲಿ ಯಕೃತ್ತೊಂದನ್ನು ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿನಗರಕ್ಕೆ ‘ನಮ್ಮ ಮೆಟ್ರೊ’ ರೈಲಿನಲ್ಲಿ ಸಾಗಿಸಲಾಯಿತು. ಸುದ್ದಿಯಲ್ಲಿ ಇವು ವೇಗದ ಸಾಹಸಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಉಳಿಸಿದ ಪ್ರತಿ ನಿಮಿಷವೂ ರಕ್ತ ಮರಳಿದಾಗ ಸಾಯಬಹುದಾಗಿದ್ದ ಕೋಶಗಳ ಉಳಿವಾಗಿದೆ.

ಕಸಿಯ ನಂತರ ಮೂತ್ರ ಬಾರದಿದ್ದರೆ

ರೋಗಿಯ ಕುಟುಂಬಕ್ಕೆ ಈ ಹಾನಿ ಮೊದಲು ಎದುರಾಗುವುದು ಆತಂಕದ ರೂಪದಲ್ಲಿ. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ವೈದ್ಯರು ಹೇಳಿರುತ್ತಾರೆ. ಆದರೆ ಹೊಸ ಮೂತ್ರಪಿಂಡ ಮೂತ್ರವನ್ನು ಉತ್ಪಾದಿಸುವುದಿಲ್ಲ, ಡಯಾಲಿಸಿಸ್ ಮುಂದುವರಿಯುತ್ತದೆ. ವರ್ಷಗಟ್ಟಲೆ ಕಾದು, ಸಾಲಸೋಲ ಮಾಡಿ ಬಂದವರಿಗೆ ಎಲ್ಲವೂ ಮುಗಿಯಿತೆಂದು ತೋರುವುದು ಸಹಜ.

ಕಸಿಯ ನಂತರದ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾಗುವ ಸ್ಥಿತಿಯನ್ನು ವೈದ್ಯರು ‘ಡಿಲೇಡ್ ಗ್ರಾಫ್ಟ್ ಫಂಕ್ಷನ್’, ಅಂದರೆ ಅಂಗದ ವಿಳಂಬಿತ ಕಾರ್ಯಾರಂಭ ಎನ್ನುತ್ತಾರೆ. ಇದಕ್ಕೆ ಪ್ರಮುಖ ಕಾರಣ ಮರುಪೂರೈಕೆಯ ಹಾನಿ. ಮೂತ್ರಪಿಂಡದ ಸೂಕ್ಷ್ಮನಾಳಗಳ ಕೋಶಗಳು ಗಾಯಗೊಂಡು ಉದುರುತ್ತವೆ. ಆದರೆ ಉಳಿದ ಕೋಶಗಳು ವಿಭಜನೆಗೊಂಡು ಖಾಲಿಯಾದ ಜಾಗವನ್ನು ತುಂಬುವ ಸಾಮರ್ಥ್ಯ ಮೂತ್ರಪಿಂಡಕ್ಕಿದೆ. ಬಹುಪಾಲು ರೋಗಿಗಳಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಅಂಗ ಕಾರ್ಯಾರಂಭ ಮಾಡುತ್ತದೆ. ಈ ಅವಧಿಯಲ್ಲಿ ರಕ್ತನಾಳದ ಅಡಚಣೆಯೋ ತಿರಸ್ಕಾರವೋ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಸ್ಕ್ಯಾನ್ ಮಾಡಿಸುತ್ತಾರೆ. ಅಗತ್ಯವಿದ್ದಲ್ಲಿ ಅಂಗದ ಚಿಕ್ಕ ತುಣುಕನ್ನು ತೆಗೆದು ಬಯಾಪ್ಸಿ ಪರೀಕ್ಷೆ ನಡೆಸುತ್ತಾರೆ. ತಿರಸ್ಕಾರವನ್ನು ತಡೆಯುವ ಔಷಧಿಗಳನ್ನು ಈ ದಿನಗಳಲ್ಲಿ ಯಾವ ಕಾರಣಕ್ಕೂ ತಪ್ಪಿಸಬಾರದು.

ತಾಯಿ, ಪತ್ನಿ, ಸಹೋದರರಂತಹ ಜೀವಂತ ದಾನಿಗಳಿಂದ ಪಡೆದ ಮೂತ್ರಪಿಂಡ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕೆಲಸ ಆರಂಭಿಸಲು ಕಾರಣವೂ ಇದೇ. ಅಕ್ಕಪಕ್ಕದ ಕೊಠಡಿಗಳಲ್ಲಿ ಎರಡೂ ಶಸ್ತ್ರಚಿಕಿತ್ಸೆಗಳು ನಡೆಯುವುದರಿಂದ ಅಂಗ ರಕ್ತವಿಲ್ಲದೆ ಇರುವ ಅವಧಿ ಬಹಳ ಕಡಿಮೆ.

ಯಕೃತ್ತಿನ ಕಸಿಯಲ್ಲಿ ಅಪಾಯದ ಸ್ವರೂಪ ಬೇರೆ. ರಕ್ತವನ್ನು ಹರಿಯಬಿಟ್ಟ ಮೊದಲ ಐದು ನಿಮಿಷಗಳಲ್ಲಿ ರೋಗಿಯ ರಕ್ತದೊತ್ತಡ ಹಠಾತ್ತನೆ ಕುಸಿಯಬಹುದು. ತಣ್ಣಗಿನ, ಪೊಟ್ಯಾಸಿಯಂ ಹೆಚ್ಚಿರುವ ದ್ರವ ಹೃದಯವನ್ನು ತಲುಪುವುದು ಇದಕ್ಕೊಂದು ಕಾರಣ. ಅದಕ್ಕಾಗಿ ಜೋಡಣೆಗೆ ಮೊದಲೇ ಯಕೃತ್ತನ್ನು ತೊಳೆದು ದ್ರಾವಣವನ್ನು ಹೊರಹಾಕಲಾಗುತ್ತದೆ. ಇಕ್ಕಳ ಬಿಚ್ಚುವ ಆ ಕ್ಷಣದಲ್ಲಿ ಅರಿವಳಿಕೆ ತಜ್ಞರ ಎಚ್ಚರ ಶಸ್ತ್ರಚಿಕಿತ್ಸಕರ ಕೌಶಲದಷ್ಟೇ ಮುಖ್ಯ.

ಯಂತ್ರದ ಮೊರೆ

ಈ ಹಾನಿಯನ್ನು ಸಂಪೂರ್ಣವಾಗಿ ತಡೆಯುವ ಔಷಧಿ ಇಂದಿಗೂ ಲಭ್ಯವಿಲ್ಲ. ಪ್ರಾಣಿಗಳಲ್ಲಿ ಫಲ ನೀಡಿದ ಅನೇಕ ಔಷಧಿಗಳು ಮನುಷ್ಯರಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ಹೆಚ್ಚು ಭರವಸೆ ಮೂಡಿಸಿರುವುದು ಸಂರಕ್ಷಣೆಯ ವಿಧಾನದಲ್ಲಿನ ಸುಧಾರಣೆ. ಅಂಗವನ್ನು ಪೆಟ್ಟಿಗೆಯಲ್ಲಿ ಸುಮ್ಮನೆ ಇಡುವ ಬದಲು ಯಂತ್ರದ ಮೂಲಕ ಅದರೊಳಗೆ ದ್ರಾವಣವನ್ನು ನಿರಂತರವಾಗಿ ಹರಿಸುವುದು ಇದರ ತಿರುಳು.

ಯುರೋಪಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 336 ದಾನಿಗಳ ಎರಡು ಮೂತ್ರಪಿಂಡಗಳ ಪೈಕಿ ಒಂದನ್ನು ಯಂತ್ರದಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಯೂ ಇರಿಸಲಾಯಿತು. ವಿಳಂಬಿತ ಕಾರ್ಯಾರಂಭದ ಪ್ರಮಾಣ ಪೆಟ್ಟಿಗೆಯ ಗುಂಪಿನಲ್ಲಿ ಶೇಕಡ 26.5 ಇದ್ದರೆ, ಯಂತ್ರದ ಗುಂಪಿನಲ್ಲಿ ಶೇಕಡ 20.8 ಇತ್ತು. ಯಕೃತ್ತನ್ನು ದೇಹದ ಉಷ್ಣತೆಯಲ್ಲಿಯೇ ಆಮ್ಲಜನಕಯುಕ್ತ ರಕ್ತದೊಂದಿಗೆ ಯಂತ್ರದಲ್ಲಿ ಜೀವಂತವಾಗಿಡುವ ವಿಧಾನದಿಂದ ಅಂಗದ ಗಾಯ ಅರ್ಧದಷ್ಟು ತಗ್ಗಿತೆಂದು 2018ರ ಅಧ್ಯಯನವೊಂದು ವರದಿ ಮಾಡಿತು. ಭಾರತದ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿಯೂ ಇಂತಹ ಯಂತ್ರಗಳ ಬಳಕೆಯಾಗಿದೆ. ಆದರೆ ಅದರ ವೆಚ್ಚ ಸಾಮಾನ್ಯ ರೋಗಿಯ ಕೈಗೆ ಎಟುಕುವಂಥದ್ದಲ್ಲ.

ಖರ್ಚಿಲ್ಲದ ಉಪಾಯವೂ ಒಂದಿದೆ. ಮಿದುಳು ನಿಷ್ಕ್ರಿಯಗೊಂಡ ದಾನಿಯ ದೇಹದ ಉಷ್ಣತೆಯನ್ನು ಒಂದೆರಡು ಡಿಗ್ರಿ ತಗ್ಗಿಸಿದಾಗ, ಮೂತ್ರಪಿಂಡದ ವಿಳಂಬಿತ ಕಾರ್ಯಾರಂಭ ಶೇಕಡ 39ರಿಂದ 28ಕ್ಕೆ ಇಳಿದುದನ್ನು ಅಮೆರಿಕದ ಅಧ್ಯಯನವೊಂದು 2015ರಲ್ಲಿ ದಾಖಲಿಸಿತು.

ಕಸಿಯ ಹೊರಗೂ ಇದೇ ಹಾನಿ

ಹೃದಯಾಘಾತದಲ್ಲಿ ಮುಚ್ಚಿಹೋದ ರಕ್ತನಾಳವನ್ನು ತೆರೆದಾಗಲೂ ಒಂದಷ್ಟು ಮರುಪೂರೈಕೆಯ ಹಾನಿ ಸಂಭವಿಸುತ್ತದೆ. ಹಾಗೆಂದು ಚಿಕಿತ್ಸೆಯನ್ನು ತಡಮಾಡಬಾರದು. ರಕ್ತ ಮರಳದಿದ್ದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಎದೆನೋವು ಕಂಡೊಡನೆ ಸಮೀಪದ ತಾಲ್ಲೂಕು ಆಸ್ಪತ್ರೆಗೆ ತೆರಳುವುದೇ ಸರಿಯಾದ ಕ್ರಮ.

ಕುಸಿದ ಕಟ್ಟಡ ಅಥವಾ ಮಣ್ಣಿನಡಿ ಗಂಟೆಗಟ್ಟಲೆ ಸಿಲುಕಿದವರನ್ನು ಹೊರತೆಗೆದ ಬಳಿಕ ಅವರ ಸ್ಥಿತಿ ಒಮ್ಮೆಲೇ ಬಿಗಡಾಯಿಸುವುದಕ್ಕೂ ಇಂತಹದೇ ಹಿನ್ನೆಲೆಯಿದೆ. ಜಜ್ಜಿಹೋದ ಸ್ನಾಯುಗಳಿಗೆ ರಕ್ತ ಮರಳಿದಾಗ ಅಲ್ಲಿಂದ ಪೊಟ್ಯಾಸಿಯಂ ಮತ್ತಿತರ ವಸ್ತುಗಳು ದೇಹವನ್ನೆಲ್ಲ ವ್ಯಾಪಿಸಿ ಹೃದಯ ಹಾಗೂ ಮೂತ್ರಪಿಂಡಗಳನ್ನು ಘಾಸಿಗೊಳಿಸುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ದಾಳಿ ನಡೆದಾಗ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಇದನ್ನು ವಿವರಿಸಿದ್ದರು. ಭೂಕುಸಿತದ ಭೀತಿಯಿರುವ ಈ ಜಿಲ್ಲೆಯ ರಕ್ಷಣಾ ಸಿಬ್ಬಂದಿ ಇದನ್ನು ಅರಿತಿರುವುದು ಒಳಿತು.

ಹಾವು ಕಚ್ಚಿದಾಗ ಕೈಕಾಲಿಗೆ ಹಗ್ಗವನ್ನೋ ಬಟ್ಟೆಯನ್ನೋ ಬಿಗಿದು ಕಟ್ಟುವ ರೂಢಿ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ರಕ್ತಸಂಚಾರವನ್ನೇ ನಿಲ್ಲಿಸುವ ಈ ಕಟ್ಟು ಅಂಗವನ್ನೇ ಕಳೆದುಕೊಳ್ಳುವಂತೆ ಮಾಡಬಹುದು. ಕಚ್ಚಿದ ಭಾಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು ವೈದ್ಯರ ಸಲಹೆ.

ದಾನದ ನಿರ್ಧಾರ ಮತ್ತು ಸಮಯ

ಭಾರತದಲ್ಲಿ ಅಂಗಾಂಗ ಕಸಿಗೆ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಆಧಾರ. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಮಿದುಳು ನಿಷ್ಕ್ರಿಯಗೊಂಡಿರುವುದನ್ನು ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕುಟುಂಬದ ಒಪ್ಪಿಗೆಯಿಲ್ಲದೆ ಯಾವ ಅಂಗವನ್ನೂ ಪಡೆಯುವಂತಿಲ್ಲ. ಕರ್ನಾಟಕದಲ್ಲಿ ನಿರೀಕ್ಷಣಾ ಪಟ್ಟಿಯ ನಿರ್ವಹಣೆ ಹಾಗೂ ಅಂಗಗಳ ಹಂಚಿಕೆಯ ಹೊಣೆ ‘ಜೀವಸಾರ್ಥಕತೆ’ ಸಂಸ್ಥೆಯದು. 2023ರಲ್ಲಿ ರಾಜ್ಯದಲ್ಲಿ 178 ಮಂದಿಯ ಕುಟುಂಬಗಳು ಮರಣೋತ್ತರ ಅಂಗಾಂಗ ದಾನಕ್ಕೆ ಸಮ್ಮತಿಸಿದ್ದವು. 2021ರ ಜೂನ್‌ನಲ್ಲಿ ರಸ್ತೆ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದ್ದು ನಾಡಿನ ಗಮನ ಸೆಳೆದಿತ್ತು.

ಕುಟುಂಬ ಯೋಚಿಸಲು ತೆಗೆದುಕೊಳ್ಳುವ ಸಮಯ ಮೇಲೆ ಹೇಳಿದ ಗಂಟೆಗಳ ಮಿತಿಗೆ ಸೇರುವುದಿಲ್ಲ. ಆಗ ದಾನಿಯ ಹೃದಯ ಬಡಿಯುತ್ತಲೇ ಇರುತ್ತದೆ, ಅಂಗಗಳಿಗೆ ರಕ್ತ ಸಿಗುತ್ತಿರುತ್ತದೆ. ಹಾಗಿದ್ದರೂ ಮಿದುಳು ನಿಂತ ದೇಹದಲ್ಲಿ ರಕ್ತದೊತ್ತಡ ಏರುಪೇರಾಗುತ್ತದೆ, ಹಾರ್ಮೋನುಗಳು ಕುಸಿಯುತ್ತವೆ, ಉರಿಯೂತ ಹೆಚ್ಚುತ್ತದೆ. ಹೀಗೆ ಮೊದಲೇ ಬಳಲಿದ ಅಂಗ ರಕ್ತ ಮರಳಿದಾಗಿನ ಪೆಟ್ಟನ್ನು ತಾಳುವುದು ಕಷ್ಟ. ಆದ್ದರಿಂದ ಇಂತಹ ನಿರ್ಧಾರವನ್ನು ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು, ದುಃಖದ ನಡುವೆ ಮೊದಲ ಬಾರಿಗೆ ಯೋಚಿಸುವುದಕ್ಕಿಂತ, ಎಲ್ಲರೂ ಆರೋಗ್ಯದಿಂದಿರುವಾಗಲೇ ಮನೆಯಲ್ಲಿ ಮಾತನಾಡಿಕೊಂಡಿರುವುದು ಲೇಸು. ರಸ್ತೆಯ ದೂರವನ್ನು ಕಡಿಮೆ ಮಾಡುವುದು ಸರ್ಕಾರದ ಕೆಲಸ. ಈ ಮಾತುಕತೆಯ ವಿಳಂಬವನ್ನು ಕಡಿಮೆ ಮಾಡುವುದು ಪ್ರತಿಯೊಂದು ಕುಟುಂಬದ ಕೈಯಲ್ಲಿದೆ.